ವಜ್ರದ ಸಾಣೆ

(ಪುಣೆಯಲ್ಲಿ ನಮ್ಮ ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ತಿಂಗಳ ಸಭೆಯಲ್ಲಿ ನಾನು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾನು ಕೂಡಲೇ ಒಪ್ಪಲಿಲ್ಲ. ಸಾಹಿತ್ಯದ ಮೇಲೆ ಮಾತನಾಡುವುದಕ್ಕೆ ನಮ್ಮಲ್ಲಿ ಪಂಡಿತರಿದ್ದಾರೆ. ಸಂಗೀತದ ಮೇಲೆ ಮಾತನಾಡುವುದಕ್ಕೆ ಹಾಡಬಲ್ಲವರೇ ಇದ್ದಾರೆ. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. "ಹಾಗಾದರೆ ಬ್ಯಾಂಕಿನ ವಿಷಯವನ್ನೇ ಹೇಳಿ" ಎಂದರು ಕಾರ್ಯದರ್ಶಿಗಳು. ಬ್ಯಾಂಕಿನ ವಿಷಯ ಹೇಳತೊಡಗಿದರೆ ಸಭೆಯಲ್ಲಿ ಅರ್ಧ ಜನ ನಿದ್ರೆ ಹೋಗುತ್ತಾರೆ, ಉಳಿದರ್ಧ ಜನ ತಮ್ಮ ಸಾಲದ ಅರ್ಜಿ ಎಲ್ಲಿಗೆ ಬಂತೆಂದು ವಿಚಾರಿಸುತ್ತಾರೆ. ಆದ್ದರಿಂದ ಬ್ಯಾಂಕಿನ ಬಾಗಿಲಿನಿಂದಲೇ ನನ್ನ ಬಳಿಗೆ ಬಂದ, ಆದರೆ ಬ್ಯಾಂಕಿನದಲ್ಲದ ಒಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಅದು ವಜ್ರದ ಪುಡಿಯಿಂದ ಅತಿ ಗಟ್ಟಿಯಾದ ವಸ್ತುಗಳಿಗೆ ಸಾಣೆ ಹಿಡಿದು ನುಣುಪು ತರುವ ಕೆಲಸ.

ವಜ್ರವೆಂದೊಡನೆ ತಾಯಂದಿರು ಕಿವಿ ನೆಟ್ಟಗೆ ಮಾಡಿದ್ದನ್ನು ನೋಡಿದೆ. ಮೂಗುಬೊಟ್ಟಿನ ವಜ್ರದ ಕಥೆ ಸ್ವಲ್ಪವೇ ಬರುತ್ತದೆ, ದಯವಿಟ್ಟು ಕ್ಷಮಿಸಬೇಕು. ನಾನು ಹೇಳುವುದು ಕಣ್ಣಿಗೆ ಬೂದಿಯಂತೆ ಕಾಣುವ ವಜ್ರದ ಪುಡಿಯ ಸಂಗತಿ.

ಮೊದಲು ನಮ್ಮ ಮನೆಯಿಂದಲೇ ಹೊರಡೋಣ. ಊರಿನಲ್ಲಿ ಹೊಸ ಮನೆ ಕಟ್ಟಿಸಿದವರಿಗೆ ಮೊಸಾಯಿಕ್ ನೆಲಕ್ಕೆ ಪಾಲಿಶ್ ಹೊಡೆಯುವವನು ನೆನಪಿರಬಹುದು. ಗಡಗಡ ಎನ್ನುವ ಯಂತ್ರವನ್ನು ತಂದು ನೆಲಕ್ಕೆ ನೀರು ಹಾಕಿ ಮೊದಲು ಒರಟು ಕಲ್ಲು, ಆಮೇಲೆ ಅದಕ್ಕಿಂತ ನಯವಾದ ಕಲ್ಲು, ಕೊನೆಗೆ ಇನ್ನೂ ನಯವಾದದ್ದು, ಹೀಗೆ ನಂಬರಿನ ಪ್ರಕಾರ ಉಜ್ಜುತ್ತಾನೆ. ಇಳಕಲ್ಲಿನ ಕೆಂಪು ಗ್ರಾನೈಟ್ ಇಂದು ದೇಶವಿದೇಶಗಳಲ್ಲಿ ಕನ್ನಡಿಯಂತೆ ಹೊಳೆಯುವುದೂ ಇದೇ ಕ್ರಮದಿಂದ. ಅಲ್ಲಿ ಉಜ್ಜುವ ಬಿಲ್ಲೆಯಲ್ಲಿ ವಜ್ರದ ಪುಡಿ ಇರುತ್ತದೆ. ಯಜಮಾನ ಊಟಕ್ಕೆ ಹೋದ ಹೊತ್ತಿನಲ್ಲಿ ಕೆಲಸದವನು ನಡುವಿನ ಒಂದು ನಂಬರನ್ನು ಹಾರಿಸಿಬಿಟ್ಟನೆನ್ನಿ. ಮಧ್ಯಾಹ್ನ ನೋಡಿದರೆ ನೆಲ ಚೆನ್ನಾಗಿಯೇ ಇರುತ್ತದೆ. ಸಂಜೆ ಕಿಟಕಿಯಿಂದ ಓರೆಬಿಸಿಲು ಬಿದ್ದಾಗ ನೆಲದ ತುಂಬ ಬಳೆ ಬಳೆಯಾಗಿ ಗೀರುಗಳು ಏಳುತ್ತವೆ. ಅಷ್ಟರಲ್ಲಿ ಕೆಲಸದವನು ಕೂಲಿ ತೆಗೆದುಕೊಂಡು ಹೋಗಿರುತ್ತಾನೆ. ನನ್ನ ಇಂದಿನ ಮಾತಿನ ತಿರುಳು ಈ ನೆಲದಲ್ಲಿಯೇ ಇದೆ.

ಇನ್ನು ವಸ್ತುವಿಗೆ ಬರುತ್ತೇನೆ. ಯಾವ ವಸ್ತು ಯಾವುದನ್ನು ಗೀರಬಲ್ಲದು ಎಂಬುದರ ಮೇಲೆ ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೀಡ್ರಿಕ್ ಮೋಸ್ ಎಂಬಾತ ೧೮೧೨ರಲ್ಲಿ ಒಂದು ಪಟ್ಟಿ ಮಾಡಿದ. ಉಗುರಿನಿಂದ ಗೀರಬಹುದಾದ ಬಳಪದ ಕಲ್ಲಿಗೆ ೧, ನಮ್ಮ ಕೆಂಪು ನೀಲಗಳ ಜಾತಿಯಾದ ಕುರುಂದಕ್ಕೆ ೯, ವಜ್ರಕ್ಕೆ ೧೦. ಒಂಬತ್ತಕ್ಕೂ ಹತ್ತಕ್ಕೂ ಒಂದೇ ಅಂಕದ ಅಂತರವಲ್ಲವೇ ಎಂದು ಲೆಕ್ಕದವನಾದ ನಾನೂ ಮೊದಲು ಮೋಸಹೋದೆ. ಈ ಪಟ್ಟಿ ಕೇವಲ ಸರದಿಯ ಪಟ್ಟಿ. ಮೊದಲು ಬಂದವನಿಗೂ ಎರಡನೆಯವನಿಗೂ ನಡುವೆ ಎಷ್ಟು ಗುಣಾಂಕಗಳ ಅಂತರವಿದೆಯೆಂದು ಅದು ಹೇಳುವುದಿಲ್ಲ. ಮೊನೆಯನ್ನು ಒತ್ತಿ ಅಳೆದು ನೋಡಿದರೆ ವಜ್ರದ ಗಟ್ಟಿತನ ಕುರುಂದದ ಮೂರುನಾಲ್ಕು ಪಟ್ಟು. ಆದ್ದರಿಂದ ಉಳಿದೆಲ್ಲ ಗಟ್ಟಿ ವಸ್ತುಗಳಿಗೂ ಸಾಣೆ ಹಿಡಿಯಬಲ್ಲದ್ದು ವಜ್ರ.

ಹಾಗಾದರೆ ವಜ್ರಕ್ಕೇ ಸಾಣೆ ಹಿಡಿಯುವುದು ಯಾವುದರಿಂದ? ಅದೂ ವಜ್ರದಿಂದಲೇ. ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸ್ ದೇಶದಿಂದ ಬಂದ ರತ್ನವ್ಯಾಪಾರಿ ಟಾವೆರ್ನಿಯರ್ ತಾನು ಮೊದಲು ಕಂಡ ವಜ್ರದ ಗಣಿ ವಿಜಾಪುರದ ಅರಸನ ಸೀಮೆಯಲ್ಲಿ, ಕರ್ನಾಟಕ ಪ್ರಾಂತದಲ್ಲಿ ಇತ್ತೆಂದು ಬರೆದಿದ್ದಾನೆ. ಗೋಲ್ಕೊಂಡದಿಂದ ಐದು ದಿನದ ದಾರಿ, ವಿಜಾಪುರದಿಂದ ಎಂಟೊಂಬತ್ತು ದಿನದ ದಾರಿ. ಅವನು ರಾವೋಲ್ಕೊಂಡ ಎಂದು ಕರೆದ ಆ ಊರು ಇಂದಿನ ಕರ್ನೂಲು ಜಿಲ್ಲೆಯ ರಾಮಳ್ಳಕೋಟವೆಂದು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿ ಊಟದ ತಟ್ಟೆಯಷ್ಟು ದೊಡ್ಡ ಉಕ್ಕಿನ ಚಕ್ರದ ಮೇಲೆ ಒಂದೊಂದೇ ಕಲ್ಲನ್ನಿಟ್ಟು ಸಾಣೆ ಹಿಡಿಯುತ್ತಿದ್ದರಂತೆ. ಕಲ್ಲಿನ 'ಹಾದಿ' ಸಿಗುವ ತನಕ ಬರೀ ನೀರನ್ನು ಹುಯ್ಯುವುದು. ಹಾದಿ ಸಿಕ್ಕಿತೆಂದರೆ ಎಣ್ಣೆ ಹಾಕಿ, ಎಷ್ಟೇ ದುಬಾರಿಯಾದರೂ ವಜ್ರದ ಪುಡಿಯನ್ನು ಕೈತುಂಬ ಬಳಸುವುದು. ಟಾವೆರ್ನಿಯರನ ಪುಸ್ತಕ ಅಚ್ಚಾದದ್ದು ೧೬೭೬ರಲ್ಲಿ.

ಹಾದಿಯೆಂದರೇನು? ಮರ ಕೆತ್ತುವವರಿಗೆ ಮರದ ಎಳೆಯ ಮೇಲೆ ಉಳಿ ಆಡಿಸುವುದಕ್ಕೂ ಎಳೆಗೆ ಎದುರಾಗಿ ಆಡಿಸುವುದಕ್ಕೂ ಇರುವ ಭೇದ ಗೊತ್ತು. ವಜ್ರದ ಹರಳಿಗೂ ಅಂಥ ಎಳೆಯುಂಟು. ಒಂದು ದಿಕ್ಕಿನಲ್ಲಿ ಅದು ಸವೆಯುತ್ತದೆ, ಇನ್ನೊಂದು ದಿಕ್ಕಿನಲ್ಲಿ ಜಪ್ಪಯ್ಯ ಎಂದರೂ ಸವೆಯುವುದಿಲ್ಲ. ಪುಡಿಯಲ್ಲಿರುವ ಲಕ್ಷಾಂತರ ಕಣಗಳು ಎಲ್ಲ ದಿಕ್ಕಿಗೂ ಮುಖಮಾಡಿ ಬಿದ್ದಿರುತ್ತವೆ. ಅವುಗಳಲ್ಲಿ ಕೆಲವಂತೂ ತಮ್ಮ ಗಟ್ಟಿ ಮೈಯಿಂದ ಕಲ್ಲಿನ ಮೆತ್ತನೆಯ ದಿಕ್ಕನ್ನು ತಾಗಿಯೇ ತಾಗುತ್ತವೆ. ವಜ್ರದಿಂದ ವಜ್ರ ಸವೆಯುವುದರ ಗುಟ್ಟು ಇಷ್ಟೇ. ವಿಜಾಪುರದ ಸೀಮೆಯ ಆ ಕಸಬುದಾರರಿಗೆ ಹರಳಿನ ಅಣುರಚನೆ ಗೊತ್ತಿರಲಿಲ್ಲ. ಆದರೆ ಹಾದಿ ಸಿಗುವ ಮುಂಚೆ ಎಣ್ಣೆಪುಡಿ ಸುರಿಯಬಾರದೆಂಬುದು ಗೊತ್ತಿತ್ತು.

ಒಡವೆಯ ವಜ್ರವನ್ನು ಇಲ್ಲಿಗೆ ಬಿಟ್ಟು ಕಾರ್ಖಾನೆಗೆ ಬರುತ್ತೇನೆ. ವಿದ್ಯುದ್ದೀಪದೊಳಗಿನ ಟಂಗ್‌ಸ್ಟನ್ ತಂತಿಯನ್ನು ಎಳೆಯಬೇಕಾದರೆ ಅದನ್ನು ಸಣ್ಣ ಸಣ್ಣ ರಂಧ್ರಗಳಲ್ಲಿ ಹಾಯಿಸಿ ಎಳೆಯಬೇಕು. ಆ ರಂಧ್ರದ ಅಚ್ಚುಗಳನ್ನು ವಜ್ರದಲ್ಲೇ ಕೊರೆಯುತ್ತಿದ್ದರು, ಬೆಲೆ ವಿಪರೀತ. ಜರ್ಮನಿಯ ಓಸ್ರಾಮ್ ಎಂಬ ದೀಪದ ಕಂಪನಿಯಲ್ಲಿದ್ದ ಕಾರ್ಲ್ ಶ್ರೋಟರ್ ಎಂಬಾತ ೧೯೨೩ರಲ್ಲಿ ಇದಕ್ಕೊಂದು ಉಪಾಯ ಕಂಡುಹಿಡಿದ. ಟಂಗ್‌ಸ್ಟನ್ ಕಾರ್ಬೈಡ್ ಎಂಬ ಬಹು ಗಟ್ಟಿಯಾದ ಪುಡಿಗೆ ಸ್ವಲ್ಪ ಕೋಬಾಲ್ಟ್ ಲೋಹದ ಪುಡಿ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಸುಮಾರು ೧೪೦೦ ಡಿಗ್ರಿ ಶಾಖದಲ್ಲಿ ಬೇಯಿಸಿದರೆ ಕೋಬಾಲ್ಟ್ ಕರಗಿ ಗಾರೆಯಂತೆ ಕಣಗಳನ್ನು ಹಿಡಿದುಕೊಳ್ಳುತ್ತದೆ. ಕ್ರುಪ್ ಕಂಪನಿಯವರು ಇದನ್ನು ಮಾರುವಾಗ 'ವಿಡಿಯಾ' ಎಂದು ಹೆಸರಿಟ್ಟರು. ಜರ್ಮನ್ ಭಾಷೆಯಲ್ಲಿ 'ವಜ್ರದ ಹಾಗೆ' ಎಂಬ ಎರಡು ಶಬ್ದಗಳನ್ನು ಮೊಟಕು ಮಾಡಿದ ಹೆಸರು ಅದು. ಬೆಂಗಳೂರಿನವರಿಗೆ ಈ ಶಬ್ದ ಚೆನ್ನಾಗಿ ಪರಿಚಿತ. ತುಮಕೂರು ರಸ್ತೆಯಲ್ಲಿ ಕಾರ್ಖಾನೆ ಹೂಡಿದ ವಿಡಿಯಾ ಇಂಡಿಯಾ ಕಂಪನಿ ಸ್ಥಾಪನೆಯಾದದ್ದು ೧೯೬೪ರಲ್ಲಿ. ಇಂದು ಅದರ ಹೆಸರು ಕೆನ್ನಾಮೆಟಲ್ ಇಂಡಿಯಾ.

ಇದರಲ್ಲೊಂದು ವಿನೋದವಿದೆ. ವಜ್ರದ ಖರ್ಚು ತಪ್ಪಲೆಂದು ಕಾರ್ಬೈಡನ್ನು ಮಾಡಿದರು. ಆದರೆ ಅದು ಎಷ್ಟು ಗಟ್ಟಿಯಾಯಿತೆಂದರೆ ಅದಕ್ಕೆ ಸಾಣೆ ಹಿಡಿಯುವುದಕ್ಕೆ ಮತ್ತೆ ವಜ್ರದ ಪುಡಿಯೇ ಬೇಕಾಯಿತು! ಅಷ್ಟು ಪುಡಿ ಗಣಿಯಿಂದ ಬರುವುದು ಕಷ್ಟವಾಗಿತ್ತು. ೧೯೫೫ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವರು ಗ್ರಾಫೈಟನ್ನು ವಾಯುಮಂಡಲದ ಐವತ್ತು ಸಾವಿರ ಪಟ್ಟಿಗೂ ಮೀರಿದ ಒತ್ತಡದಲ್ಲಿಟ್ಟು, ಕಾಯಿಸಿ, ವಜ್ರ ಮಾಡಿದೆವೆಂದು ಜಗತ್ತಿಗೆ ಸಾರಿದರು. ಇಂದು ಕಾರ್ಖಾನೆಗಳು ಬಳಸುವ ವಜ್ರದ ಪುಡಿ ಬಹುಪಾಲು ಹೀಗೆ ಯಂತ್ರದಲ್ಲಿ ಹುಟ್ಟಿದ್ದೇ.

ಇಷ್ಟು ಪೀಠಿಕೆ ಸಾಕು. ಈಗ ನನ್ನ ಕಥೆ. ಗಿರಾಕಿಯ ಖಾತೆಯ ಸಂಗತಿಯನ್ನು ನಾಲ್ಕು ಜನರ ಮುಂದೆ ಆಡುವುದು ನಮ್ಮ ಉದ್ಯೋಗಕ್ಕೆ ಸಲ್ಲದು. ಆದರೆ ಈ ಗಿರಾಕಿ ತಾವೇ "ಹೇಳೋ ತಮ್ಮಾ, ನಾಲ್ಕು ಹುಡುಗರು ಕೇಳಿದ್ರ ಛಲೋನ ಆಗತೈತಿ. ಹೆಸರೊಂದ ಬಿಡು" ಎಂದಿದ್ದಾರೆ. ಆದ್ದರಿಂದ ಅವರನ್ನು ನಾನು ಕರೆಯುವಂತೆ ಕಾಕಾ ಎಂದೇ ಕರೆಯುತ್ತೇನೆ.

ಕಾಕಾ ಗದಗಿನ ಕಡೆಯವರು. ಹುಡುಗನಾಗಿದ್ದಾಗಲೇ ಪುಣೆಗೆ ಬಂದು, ಮೂವತ್ತು ವರ್ಷ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ದುಡಿದು, ನಿವೃತ್ತರಾದ ಮೇಲೆ ಭೋಸರಿಯಲ್ಲಿ ತಗಡಿನ ಒಂದು ಶೆಡ್ಡು ಬಾಡಿಗೆಗೆ ಹಿಡಿದು ಸ್ವಂತ ಕೆಲಸ ಶುರುಮಾಡಿದರು. ಯಂತ್ರಕ್ಕೆ ನಮ್ಮ ಬ್ಯಾಂಕಿನ ಸಾಲ. ಸ್ಟಾಕು ನೋಡಲು ಅಧಿಕಾರಿಗಳ ಜೊತೆ ಹೋದಾಗ ನಾನು ಅವರನ್ನು ಮೊದಲು ಕಂಡೆ. ನನ್ನ ಮರಾಠಿಯಲ್ಲಿ ಕನ್ನಡದ ವಾಸನೆ ಹಿಡಿದು "ಯಾವೂರಪಾ ನಿಂದು?" ಎಂದು ಕೇಳಿದರು. ಅಂದಿನಿಂದ ಅವರು ಕಾಕಾ, ನಾನು ತಮ್ಮಾ.

ಅವರ ಶೆಡ್ಡಿನಲ್ಲಿ ತಯಾರಾಗುವುದು ಪಂಪಿನ ಸೀಲಿನ ಉಂಗುರಗಳು. ಪಂಪಿನೊಳಗೆ ತಿರುಗುವ ದಂಡ ಹೊರಗೆ ಬರುವ ಕಡೆ ಒಳಗಿನ ದ್ರವ ಸೋರಬಾರದಲ್ಲವೇ? ಅದಕ್ಕಾಗಿ ಎರಡು ಉಂಗುರಗಳನ್ನು ಮುಖಕ್ಕೆ ಮುಖ ಕೊಟ್ಟು ಕೂರಿಸುತ್ತಾರೆ. ಒಂದು ದಂಡದೊಡನೆ ತಿರುಗುತ್ತದೆ, ಇನ್ನೊಂದು ನಿಂತೇ ಇರುತ್ತದೆ. ಎರಡರ ನಡುವೆ ರಬ್ಬರಿಲ್ಲ, ನಾರಿಲ್ಲ. ಮುಖಗಳು ಅಷ್ಟು ಸಮತಟ್ಟಾಗಿರುವುದರಿಂದಲೇ ದ್ರವಕ್ಕೆ ನುಸುಳಲು ದಾರಿ ಸಿಗುವುದಿಲ್ಲ. ತಾಯಂದಿರಿಗೆ ಹತ್ತಿರದ ಉದಾಹರಣೆ ಬೇಕಾದರೆ, ಕಾಲು ಸುತ್ತು ತಿರುಗಿಸಿದರೆ ತೆರೆದು ಮುಚ್ಚುವ ಹೊಸ ಮಾದರಿಯ ನಲ್ಲಿಯೊಳಗೂ ಹೀಗೆಯೇ ಎರಡು ಪಿಂಗಾಣಿ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ಅವುಗಳ ಮುಖವನ್ನೂ ವಜ್ರ ಅಥವಾ ಬೋರಾನ್ ಕಾರ್ಬೈಡಿನಂಥ ಪುಡಿಯಿಂದಲೇ ಉಜ್ಜಿ ಸಮತಟ್ಟು ಮಾಡಿರುತ್ತಾರೆ. ನಲ್ಲಿ ಸೋರಿದರೆ ಬಕೆಟ್ ಇಡಬಹುದು. ಆಸಿಡ್ಡಿನ ಪಂಪು ಸೋರಿದರೆ ಹತ್ತಿರ ನಿಂತ ಕೂಲಿಕಾರನ ಕಾಲ ಮೇಲೆ ಬೀಳುತ್ತದೆ.

ಸಾಣೆ ಹಿಡಿಯುವ ಈ ಕೆಲಸಕ್ಕೆ ಅಂಗಡಿಭಾಷೆಯಲ್ಲಿ ಲ್ಯಾಪಿಂಗ್ ಎನ್ನುತ್ತಾರೆ. ರೊಟ್ಟಿ ಬೇಯಿಸುವ ದೊಡ್ಡ ಹೆಂಚಿನಂಥ ಒಂದು ದುಂಡು ತಟ್ಟೆ ಸಾವಕಾಶವಾಗಿ ತಿರುಗುತ್ತಿರುತ್ತದೆ. ಅದರ ಮೇಲೆ ಎಣ್ಣೆಯಲ್ಲಿ ಕಲಸಿದ ವಜ್ರದ ಪುಡಿ ತೊಟ್ಟು ತೊಟ್ಟಾಗಿ ಬೀಳುತ್ತದೆ. ಕಾರ್ಬೈಡಿನ ಉಂಗುರಗಳನ್ನು ಮುಖ ಕೆಳಗಾಗಿ ತಟ್ಟೆಯ ಮೇಲಿಟ್ಟು ಮೇಲೆ ಹದವಾದ ಭಾರ ಹೇರುತ್ತಾರೆ. ಆ ತಟ್ಟೆ ಯಾವುದರದ್ದೆಂದು ಊಹಿಸಿ! ಬಹಳ ಗಟ್ಟಿಯಾದ ಉಕ್ಕಿನದಿರಬೇಕೆಂದು ನಾನೆಣಿಸಿದ್ದೆ. ಕಾಕಾ ನಕ್ಕರು. ಮೊದಲ ತಟ್ಟೆ ಬೀಡುಕಬ್ಬಿಣದ್ದು, ನಡುವಿನದು ತಾಮ್ರದ್ದು, ಕೊನೆಯದು ತವರದ್ದು. ಕೆಲಸ ನಯವಾಗುತ್ತ ಹೋದಂತೆ ತಟ್ಟೆ ಮೆತ್ತಗಾಗುತ್ತ ಹೋಗುತ್ತದೆ. ವಜ್ರದ ಕಣ ಮೆತ್ತನೆಯ ತವರದಲ್ಲಿ ನಾಟಿ ಕೂತುಕೊಳ್ಳುತ್ತದೆ. ಹೀಗೆ ಕೂತ ಕಣ ಎದುರಿನ ಗಟ್ಟಿ ಉಂಗುರವನ್ನು ಹೆರೆಯುತ್ತದೆ. ತಟ್ಟೆಯೂ ಉಂಗುರದಷ್ಟೇ ಗಟ್ಟಿಯಾಗಿದ್ದರೆ ಕಣಕ್ಕೆ ಕೂರಲು ತಾವಿಲ್ಲದೆ ಅದು ಎರಡರ ನಡುವೆ ಉರುಳಾಡುತ್ತಿತ್ತು. "ಮೆತ್ತಗಿದ್ದಾಂವ ಹಿಡಕೋತಾನ, ಗಟ್ಟಿ ಇದ್ದಾಂವ ಸವೀತಾನ" ಎಂದರು ಕಾಕಾ.

ಪುಡಿಯ ಅಳತೆಗೆ ಮೈಕ್ರಾನ್ ಎನ್ನುತ್ತಾರೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಗೂದಲಿನ ದಪ್ಪ ಸುಮಾರು ಎಪ್ಪತ್ತು ಮೈಕ್ರಾನ್. ಕಾಕಾರ ಕ್ರಮದಲ್ಲಿ ಮೊದಲು ೧೫ ಮೈಕ್ರಾನಿನ ಪುಡಿ, ಆಮೇಲೆ ೬, ಆಮೇಲೆ ೩, ಕೊನೆಗೆ ೧. ನನಗೆ ಲೆಕ್ಕದ ಚಪಲ. ಒಂದು ಕ್ಯಾರೆಟ್ ಎಂದರೆ ಗ್ರಾಮಿನ ಐದನೆಯ ಒಂದು ಪಾಲು. ಅಷ್ಟು ವಜ್ರವನ್ನು ಒಂದು ಮೈಕ್ರಾನಿನ ಚೌಕ ಕಣಗಳಾಗಿ ಒಡೆದರೆ ಎಷ್ಟಾದೀತೆಂದು ಗುಣಿಸಿ ನೋಡಿದೆ. ಸುಮಾರು ಐದು ಸಾವಿರದ ಏಳುನೂರು ಕೋಟಿ! ಹದಿನೈದು ಮೈಕ್ರಾನಿನ ಒಂದೇ ಕಣದಲ್ಲಿ ಒಂದು ಮೈಕ್ರಾನಿನ ೩೩೭೫ ಕಣಗಳು ಅಡಗುತ್ತವೆ. ಇದು ಬರೀ ಚಮತ್ಕಾರದ ಲೆಕ್ಕವಲ್ಲ. ನಯಪುಡಿಯ ತಟ್ಟೆಗೆ ಒರಟುಪುಡಿಯ ಒಂದೇ ಒಂದು ಕಣ ಉಗುರಿನ ಸಂದಿನಲ್ಲಿ ಸೇರಿ ಬಂದರೂ ಅದು ಆನೆ ಹೊಕ್ಕ ಬಾಳೆತೋಟ. ಆದ್ದರಿಂದ ಒಂದು ಹಂತಕ್ಕೂ ಇನ್ನೊಂದಕ್ಕೂ ನಡುವೆ ಉಂಗುರಗಳನ್ನು ತೊಳೆಯಬೇಕು, ಕೈ ತೊಳೆಯಬೇಕು. ಕುಂಚ ಬೇರೆ, ಬಟ್ಟಲು ಬೇರೆ, ಒರೆಸುವ ಬಟ್ಟೆ ಬೇರೆ. ನಮ್ಮ ಅಜ್ಜಿಯ ಮಡಿ ಕೂಡ ಇಷ್ಟು ಬಿಗಿಯಾಗಿರಲಿಲ್ಲ.

ಈ ಹಂತಗಳು ಏಕೆ ಬೇಕು? ನೇರವಾಗಿ ಒಂದು ಮೈಕ್ರಾನಿನಿಂದಲೇ ಉಜ್ಜಬಾರದೇಕೆ? ನಾನು ಕೇಳಿದ ಈ ಪ್ರಶ್ನೆಗೆ ಕಾಕಾ ಕೊಟ್ಟ ಉತ್ತರವೇ ಈ ವಿದ್ಯೆಯ ಸಾರ. ಗಟ್ಟಿಯಾದ ವಸ್ತು ಸಾಮಾನ್ಯವಾಗಿ ಬಿರುಸಾದ ವಸ್ತು, ಬಾಗುವುದಿಲ್ಲ, ಬಿರಿಯುತ್ತದೆ. ಹದಿನೈದು ಮೈಕ್ರಾನಿನ ಕಣ ಅದರ ಮೇಲೆ ಹಾದಾಗ ಮೇಲೊಂದು ಗೀರು ಬೀಳುತ್ತದೆ. ಅದು ಕಾಣುತ್ತದೆ. ಆ ಗೀರಿನ ಅಡಿಯಲ್ಲಿ ಸಣ್ಣ ಬಿರುಕುಗಳು ಇಳಿದಿರುತ್ತವೆ, ಅವು ಕಾಣುವುದಿಲ್ಲ. ಮುಂದಿನ ಹಂತದ ಕೆಲಸ ಹೊಳಪು ತರುವುದಲ್ಲ. ಹಿಂದಿನ ಹಂತ ಮಾಡಿಟ್ಟ ಗಾಯವನ್ನು, ಕಂಡದ್ದನ್ನೂ ಕಾಣದ್ದನ್ನೂ, ಬುಡಸಮೇತ ತೆಗೆಯುವುದು. ಅದು ತಾನೂ ಗಾಯ ಮಾಡುತ್ತದೆ, ಆದರೆ ಸಣ್ಣ ಗಾಯ. ಅದನ್ನು ಅದರ ಮುಂದಿನದು ತೆಗೆಯಬೇಕು. ಕೊನೆಗೆ ಕಣ ಎಷ್ಟು ಸಣ್ಣದಾಗುತ್ತದೆಂದರೆ ಬಿರುಸಾದ ವಸ್ತು ಕೂಡ ಬಿರಿಯುವುದನ್ನು ಬಿಟ್ಟು ಬೆಣ್ಣೆಯಂತೆ ಸವರಿಸಿಕೊಳ್ಳುತ್ತದೆ. ಹೊಳಪು ಆಗ ತಾನಾಗಿ ಬರುತ್ತದೆ. ದೊಡ್ಡ ಗಾಯವನ್ನು ತೆಗೆಯಲು ನೇರವಾಗಿ ಸಣ್ಣ ಕಣವನ್ನು ಹಚ್ಚಿದರೆ ದಿನಗಟ್ಟಲೆ ಉಜ್ಜಬೇಕು. ಅಷ್ಟು ಹೊತ್ತು ಯಾರೂ ಉಜ್ಜುವುದಿಲ್ಲ. ಮೇಲ್ಮೈ ಹೊಳೆದೊಡನೆ ಯಂತ್ರ ನಿಲ್ಲಿಸಿಬಿಡುತ್ತಾರೆ.

ಹೊಳೆದದ್ದೆಲ್ಲ ಸಮತಟ್ಟಲ್ಲ ಎಂಬುದನ್ನು ನೋಡುವುದಕ್ಕೆ ಒಂದು ಸೊಗಸಾದ ಉಪಾಯವುಂಟು. ಮುಗಿದ ಉಂಗುರದ ಮೇಲೆ ಅತ್ಯಂತ ಸಮತಟ್ಟಾದ ಒಂದು ಗಾಜಿನ ಬಿಲ್ಲೆಯನ್ನಿಟ್ಟು ಸೋಡಿಯಂ ದೀಪದ ಹಳದಿ ಬೆಳಕಿನಲ್ಲಿ ನೋಡಬೇಕು. ಗಾಜಿಗೂ ಉಂಗುರಕ್ಕೂ ನಡುವಿನ ಗಾಳಿಯ ತೆಳುಪದರದಲ್ಲಿ ಬೆಳಕಿನ ಅಲೆಗಳು ಕೂಡಿ ಕಳೆದು ಕಪ್ಪು ಹಳದಿ ಪಟ್ಟೆಗಳು ಮೂಡುತ್ತವೆ. ಪಟ್ಟೆಗಳು ಇಳಕಲ್ ಸೀರೆಯ ಗೆರೆಯಂತೆ ನೆಟ್ಟಗೆ ಸರಿಸಮವಾಗಿದ್ದರೆ ಮುಖ ಸಮತಟ್ಟು. ಬಾಗಿದ್ದರೆ ಮುಖವೂ ಬಾಗಿದೆ. ಒಂದು ಪಟ್ಟೆಯಷ್ಟು ಬಾಗಿದರೆ ಸುಮಾರು ೦.೩ ಮೈಕ್ರಾನ್ ತಪ್ಪು. ಸೀಲಿನ ಮುಖಕ್ಕೆ ಎರಡು ಮೂರು ಪಟ್ಟೆಗಳಿಗಿಂತ ಹೆಚ್ಚು ತಪ್ಪನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಬೆಳಕನ್ನೇ ಅಡಿಕೋಲಾಗಿ ಮಾಡಿಕೊಂಡು ಅಳೆಯುವ ಈ ದೃಶ್ಯವನ್ನು ಆ ತಗಡಿನ ಶೆಡ್ಡಿನ ಮೂಲೆಯಲ್ಲಿ ನಾನು ಮೊದಲು ಕಂಡಾಗ ಮೈ ಜುಮ್ಮೆಂದಿತು.

ಇನ್ನು ನನ್ನ ತಪ್ಪಿನ ಭಾಗ. ೨೦೨೨ನೆಯ ಡಿಸೆಂಬರ್ ೩೧ಕ್ಕೆ ಬರಬೇಕಾಗಿದ್ದ ಕಾಕಾರ ಸಾಲದ ಕಂತು ಬರಲಿಲ್ಲ. ಅದರ ಹಿಂದೆ ಬಂದ ಕಂತುಗಳೂ ನಿಂತವು. ಗಿರಾಕಿಯೊಬ್ಬ ಹಣ ಕೊಡದೆ ಸತಾಯಿಸಿದ್ದ. ಬ್ಯಾಂಕಿನ ನಿಯಮ ನಿಮಗೆ ಗೊತ್ತಿರಬಹುದು. ಬಾಕಿ ತೊಂಬತ್ತು ದಿನ ದಾಟಿದರೆ ಖಾತೆ ಕೆಟ್ಟದ್ದೆಂದು ಗುರುತಾಗುತ್ತದೆ. ಆಮೇಲೆ ಹೊಸ ಸಾಲ ಹುಟ್ಟುವುದು ದುಸ್ತರ. ತೊಂಬತ್ತನೆಯ ದಿನ ಸರಿಯಾಗಿ ೨೦೨೩ನೆಯ ಮಾರ್ಚ್ ೩೧ಕ್ಕೆ ಬಿದ್ದಿತ್ತು. ಬ್ಯಾಂಕಿನಲ್ಲಿ ಅದು ವರ್ಷದ ಕೊನೆಯ ದಿನ. ಬಾಕಿದಾರರಿಗೆ ಫೋನು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಪಟ್ಟಿಯಲ್ಲಿ ಕಾಕಾರ ಹೆಸರಿತ್ತು. ಮಾರ್ಚ್ ೨೦ರಂದು ಫೋನು ಮಾಡಿದೆ. ಇನ್ನೂರ ನಲವತ್ತು ಉಂಗುರಗಳ ಆರ್ಡರು ಕೈಯಲ್ಲಿದೆ, ಮೊದಲ ಹಂತ ಮುಗಿದಿದೆ, ಏಪ್ರಿಲ್ ನಡುವಿಗೆ ಮಾಲು ಹೋಗುತ್ತದೆ, ಕೂಡಲೇ ಹಣ ಬರುತ್ತದೆ ಎಂದರು. "ಏಪ್ರಿಲ್ ಅಂದ್ರ ಆಗೂದಿಲ್ಲ ಕಾಕಾ. ಏನಾರೆ ಮಾಡ್ರಿ, ಮೂವತ್ತೊಂದರ ಒಳಗ ರೊಕ್ಕ ಬರಬೇಕು" ಎಂದೆ. ಮರುದಿನ ಮತ್ತೆ ಫೋನು ಮಾಡಿದೆ. ಮೂರನೆಯ ದಿನವೂ ಮಾಡಿದೆ. ಅವರ ಒಳ್ಳೆಯದಕ್ಕೇ ಹೇಳುತ್ತಿದ್ದೇನೆಂದು ನಾನು ನಂಬಿದ್ದೆ. ಅದು ಸುಳ್ಳೂ ಆಗಿರಲಿಲ್ಲ.

ಮಾಲು ೨೬ಕ್ಕೆ ಹೋಯಿತು. ೨೯ಕ್ಕೆ ಹಣ ಬಂದು ಬಾಕಿಯೆಲ್ಲ ತೀರಿತು. ನಾನು ಪಟ್ಟಿಯಲ್ಲಿ ಅವರ ಹೆಸರಿನ ಮೇಲೆ ಗೆರೆ ಎಳೆದೆ. ಅಧಿಕಾರಿಗಳು ನನ್ನ ಬೆನ್ನು ತಟ್ಟಿದರು.

ಏಪ್ರಿಲ್ ಎರಡನೆಯ ವಾರದಲ್ಲಿ ಇನ್ನೂರ ನಲವತ್ತು ಉಂಗುರಗಳೂ ವಾಪಸು ಬಂದವು. ಕೊಂಡವರು ಪಂಪಿಗೆ ಹಾಕುವ ಮುಂಚೆ ನೀರಿನ ಒತ್ತಡ ಕೊಟ್ಟು ಪರೀಕ್ಷೆ ಮಾಡಿದರೆ, ಒಂದೊಂದು ಸೀಲಿನಿಂದಲೂ ಹನಿ ಹನಿಯಾಗಿ ಸೋರಿತಂತೆ. ಆ ಪರೀಕ್ಷೆ ನಡೆದದ್ದು ನೀರಿನಿಂದ, ಆಸಿಡ್ಡಿನಿಂದಲ್ಲ. ಅದು ಯಾರ ಪುಣ್ಯವೋ!

ಸಂಗತಿ ತಿಳಿದು ಭಾನುವಾರ ಭೋಸರಿಗೆ ಹೋದೆ. ಕಾಕಾ ಒಂದು ಉಂಗುರವನ್ನು ಕೈಗೆ ಕೊಟ್ಟರು. ಮುಖ ಕಾಣುವ ಹಾಗೆ ಹೊಳೆಯುತ್ತಿತ್ತು. "ಭಾಳ ಛಲೋ ಐತೆಲ್ಲಾ ಕಾಕಾ" ಎಂದೆ. ಅವರು ಮಾತಾಡದೆ ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು "ನೋಡು" ಎಂದರು. ಹೊಳಪಿನ ನಡುವೆ ಉತ್ತ ಹೊಲದ ಹಾಗೆ ಗೀರುಗಳು, ಗೀರಿನ ದಡದಲ್ಲಿ ಚಕ್ಕೆ ಎದ್ದ ಸಣ್ಣ ಗುಳಿಗಳು. ಕೆಲವು ಗೀರುಗಳು ಉಂಗುರದ ಒಳ ಅಂಚಿನಿಂದ ಹೊರ ಅಂಚಿನ ತನಕ ಹರಿದಿದ್ದವು. ನೀರಿಗೆ ಅದೇ ಕಾಲುವೆ. ಹಳದಿ ದೀಪದ ಕೆಳಗೆ ಗಾಜಿಟ್ಟು ತೋರಿಸಿದರು. ಪಟ್ಟೆಗಳು ಅಂಚಿಗೆ ಬರುತ್ತ ಬಿಲ್ಲಿನಂತೆ ಬಾಗಿಕೊಂಡಿದ್ದವು.

ಆಗ ನಿಜ ಹೇಳಿದರು. ಹದಿನೈದು ಮೈಕ್ರಾನಿನ ಹಂತವಾದ ಮೇಲೆ ಆರನ್ನೂ ಮೂರನ್ನೂ ಬಿಟ್ಟು, ತವರದ ತಟ್ಟೆಯನ್ನೂ ಬಿಟ್ಟು, ನೇರವಾಗಿ ಮೆತ್ತನೆಯ ಬಟ್ಟೆಯ ಮೇಲೆ ಒಂದು ಮೈಕ್ರಾನಿನ ಪುಡಿ ಹಚ್ಚಿ ಉಜ್ಜಿದ್ದರು. ಬಟ್ಟೆ ಬೇಗ ಹೊಳಪು ಕೊಡುತ್ತದೆ. ಅದು ಗುಡ್ಡವನ್ನೂ ನೇವರಿಸುತ್ತದೆ, ಹಳ್ಳವನ್ನೂ ನೇವರಿಸುತ್ತದೆ, ಅಂಚನ್ನು ದುಂಡಗೆ ಮಾಡುತ್ತದೆ, ಸಮತಟ್ಟು ಮಾಡುವುದಿಲ್ಲ. "ಹೊಳಪ ಬ್ಯಾರೆ, ಸಪಾಟ ಬ್ಯಾರೆ ತಮ್ಮಾ. ಮೂವತ್ತು ವರ್ಷ ಹುಡುಗರಿಗೆ ಇದನ್ನ ಕಲಿಸೀನಿ" ಎಂದರು. ದೀಪದ ಕೆಳಗೆ ನೋಡಲಿಲ್ಲವೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ದೀಪಾ ಹಚ್ಚಲಿಲ್ಲ. ಹಚ್ಚಿದ್ರ ಮಾಲು ಕಳಸಾಕ ಮನಸ್ಸು ಆಗ್ತಿರಲಿಲ್ಲ."

ಮಹನೀಯರೇ, ನನ್ನ ಗಂಟಲು ಕಟ್ಟಿತು. ನನ್ನ ಫೋನಿನಿಂದ ಹೀಗಾಯಿತೆಂದು ಹೇಳಲು ಹೋದೆ. ಅವರು ಬಿಡಲಿಲ್ಲ. "ನೀ ಅಂದದ್ದಕ್ಕ ಮಾಡೀನಿ ಅಂತ ತಿಳೀಬ್ಯಾಡ. ಕೈ ನಂದು, ತಪ್ಪೂ ನಂದ" ಎಂದರು. ಆದರೂ ಮನೆಗೆ ಬರುವ ದಾರಿಯಲ್ಲಿ ನನಗೆ ಒಂದು ವಿಷಯ ಸ್ಪಷ್ಟವಾಯಿತು. ನಾನೂ ದೀಪ ಹಚ್ಚಿರಲಿಲ್ಲ. ಏಪ್ರಿಲ್ ನಡುವಿಗೆ ಹೋಗಬೇಕಾದ ಮಾಲು ಮಾರ್ಚ್ ೨೬ಕ್ಕೆ ಹೇಗೆ ಹೋಯಿತೆಂದು ನಾನು ಕೇಳಿರಲಿಲ್ಲ. ಕೇಳಿದ್ದರೆ ಹೆಸರಿನ ಮೇಲೆ ಗೆರೆ ಎಳೆಯುವುದಕ್ಕೆ ಮನಸ್ಸಾಗುತ್ತಿರಲಿಲ್ಲ. ನಾಲ್ಕು ಹಂತದ ಸಾಣೆಯನ್ನು ಕಣ್ಣಾರೆ ಕಂಡು ಮೈ ಜುಮ್ಮೆನಿಸಿಕೊಂಡವನು ನಾನೇ.

ಮುಂದಿನದು ಬೇಗ ಹೇಳುತ್ತೇನೆ. ಅದೃಷ್ಟಕ್ಕೆ ಉಂಗುರಗಳ ದಪ್ಪದಲ್ಲಿ ಇನ್ನೂ ಕೆಲವು ಮೈಕ್ರಾನಿನ ಅವಕಾಶವಿತ್ತು. ಕಾಕಾ ಎಲ್ಲ ಉಂಗುರಗಳನ್ನೂ ಮೊದಲಿನಿಂದ ಸಾಣೆಗೆ ಹಾಕಿದರು: ಹದಿನೈದು, ಆರು, ಮೂರು, ಒಂದು. ಒಂದೊಂದು ಉಂಗುರವನ್ನೂ ದೀಪದ ಕೆಳಗಿಟ್ಟು ನೋಡಿದರು. ಈ ಸಲದ ಪುಡಿಯ ಖರ್ಚು, ಕೂಲಿ, ಎಲ್ಲ ಅವರ ತಲೆಯ ಮೇಲೆಯೇ. ಕೊಂಡವರು ಮುಂದಿನ ಬಿಲ್ಲಿನ ಹಣ ತಡೆಹಿಡಿದರು. ಏಪ್ರಿಲ್ ಮತ್ತು ಮೇ ತಿಂಗಳ ಕಂತು ಮತ್ತೆ ನಿಂತವು. ಈ ಸಲ ನಾನು ಬರೀ ಫೋನು ಮಾಡಲಿಲ್ಲ. ಕೆಲಸ ಎಲ್ಲಿಗೆ ಬಂದಿದೆ, ಎಷ್ಟು ದಿನ ಬೇಕು, ಪರೀಕ್ಷೆ ಯಾವಾಗ ಎಂಬುದನ್ನು ಕಾಗದದ ಮೇಲೆ ಬರೆದು ಅಧಿಕಾರಿಗಳ ಮುಂದಿಟ್ಟೆ. ಅವರು ಸ್ವತಃ ಶೆಡ್ಡಿಗೆ ಬಂದು ನೋಡಿದರು. ನಿಯಮವನ್ನು ಯಾರೂ ಸಡಿಲಿಸಲಿಲ್ಲ, ಸಡಿಲಿಸುವುದಕ್ಕೂ ಬರುವುದಿಲ್ಲ. ಆದರೆ ಮಾಲು ಪರೀಕ್ಷೆಯಲ್ಲಿ ಗೆದ್ದು, ತಡೆದ ಹಣ ಬಿಡುಗಡೆಯಾಗಿ, ಜೂನ್ ಕೊನೆಗೆ ಬಾಕಿ ತೀರಿತು. ತೊಂಬತ್ತು ದಿನ ಆಗಿರಲಿಲ್ಲ.

ಅಂದಿನಿಂದ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಬಾಕಿದಾರರಿಗೆ ತೊಂಬತ್ತನೆಯ ದಿನದ ಹತ್ತಿರ ಫೋನು ಮಾಡುವುದನ್ನು ಬಿಟ್ಟು ಹತ್ತನೆಯ ದಿನ ಮಾಡುತ್ತೇನೆ. ಆಗ ಅವರ ಕೈಯಲ್ಲಿ ಎಲ್ಲ ಹಂತಗಳಿಗೂ ಸಮಯವಿರುತ್ತದೆ. ಹಣ ಯಾವಾಗ ಎಂದು ಕೇಳುವ ಮೊದಲು ಕೆಲಸ ಯಾವ ಹಂತದಲ್ಲಿದೆ ಎಂದು ಕೇಳುತ್ತೇನೆ. ಹೇಳಿದ್ದಕ್ಕಿಂತ ಬಹಳ ಮೊದಲೇ ಹಣ ಬಂದರೆ, ಸಂತೋಷಪಡುವ ಮುಂಚೆ ಅದು ಹೇಗೆ ಬಂತೆಂದೂ ಕೇಳುತ್ತೇನೆ. ಇದರಿಂದ ನನ್ನ ಕೆಲಸ ಹೆಚ್ಚಿದೆ, ಸಂಬಳ ಹೆಚ್ಚಿಲ್ಲ.

ನಮ್ಮ ನಡುವೆ ಕಾರ್ಖಾನೆಗಳಲ್ಲಿ ದುಡಿಯುವ ಎಷ್ಟೋ ಸೋದರರಿದ್ದಾರೆ. ಅವರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಕೈಕಸುಬಿನ ಸಂಗತಿಗಳನ್ನು ಇಂಥ ಸಭೆಗಳಲ್ಲಿ ಬಂದು ಕನ್ನಡದಲ್ಲಿ ಹೇಳಿ. ಗೀರು, ಗುಳಿ, ಹದ, ಸಾಣೆ, ಸಪಾಟು ಎಂಬ ಶಬ್ದಗಳು ನಮ್ಮಲ್ಲಿ ಇದ್ದೇ ಇವೆ. ಮೈಕ್ರಾನ್, ಕಾರ್ಬೈಡ್ ಎಂಬಂಥವು ಅವುಗಳ ಜೊತೆಗೆ ಕೂತುಕೊಳ್ಳುತ್ತವೆ. ಒಬ್ಬ ಗುಮಾಸ್ತನಿಗೆ ಈ ವಿದ್ಯೆ ತಿಳಿದದ್ದು, ಕಾಕಾ ತಗಡಿನ ಶೆಡ್ಡಿನಲ್ಲಿ ಕೂತು ಗದಗಿನ ಮಾತಿನಲ್ಲಿ ಹೇಳಿದ್ದರಿಂದ.

ಕೊನೆಗೊಂದು ಮಾತು. ಎರಡನೆಯ ಸಲ ಸಾಣೆಗೆ ಹಾಕುವಾಗ ಕಾಕಾ ಒಂದು ಉಂಗುರವನ್ನು ಹಾಗೆಯೇ ಬಿಟ್ಟು ನನಗೆ ಕೊಟ್ಟರು. ಬ್ಯಾಂಕಿನಲ್ಲಿ ನನ್ನ ಮೇಜಿನ ಮೇಲೆ ಕಾಗದಗಳ ಮೇಲಿಡುವ ಭಾರವಾಗಿ ಅದನ್ನಿಟ್ಟುಕೊಂಡಿದ್ದೇನೆ. ಬಂದವರೆಲ್ಲ ಕೈಗೆ ತೆಗೆದುಕೊಂಡು "ಎಷ್ಟು ಚೆನ್ನಾಗಿ ಹೊಳೆಯುತ್ತದೆ!" ಎನ್ನುತ್ತಾರೆ. ನಾನು ಹೌದೆನ್ನುತ್ತೇನೆ. ಅದು ಸೋರುವ ಉಂಗುರವೆಂದು ಗೊತ್ತಿರುವುದು ಕಾಕಾರಿಗೆ, ನನಗೆ, ಮತ್ತು ಇಂದಿನಿಂದ ತಮ್ಮೆಲ್ಲರಿಗೆ.